ಹೊಟ್ಟೆ ಸೀಳಿದ ವಿಷಾದ

"ಜೈಲಿಗೆ ಬೇಕಾದ್ರೆ ಹೋಗ್ತೀನಿ. ಈ ಕಾಗುಣಿತಕ್ಕೆ ಮಾತ್ರ ಸಹಿ ಹಾಕಲ್ಲ."

ಕಪ್ಪೆಮರಿ ರಾಜಿಪತ್ರವನ್ನು ಇಸ್ತ್ರಿ ಮೇಜಿನ ಮೇಲೆ ಎಸೆದಳು. ಅದು ಹಾರಿ ಹೋಗಿ ಅರ್ಧ ಇಸ್ತ್ರಿಯಾದ ಬಿಳಿ ಅಂಗಿಯ ಎದೆಯ ಮೇಲೆ ಕೂತಿತು. ಅವಳ ತಾಯಿ ಇಸ್ತ್ರಿಪೆಟ್ಟಿಗೆಯನ್ನು ಒಂದು ಗೇಣು ಮೇಲೆತ್ತಿ, ಕಾಗದವನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ತನ್ನ ತಮ್ಮನ ಕಡೆ ಚಾಚಿದಳು.

"ನೀನೇ ಹೇಳೋ ಇವಳಿಗೆ. ಪತ್ತೇದಾರ ತಾನೇ ನೀನು? ಇವಳ ಬುದ್ಧಿ ಎಲ್ಲಿ ಕಳೆದುಹೋಯ್ತು ಅಂತ ಮೊದಲು ಪತ್ತೆ ಮಾಡು."

ಪತ್ತೇದಾರ ಕರಿಕನ್ನಡಕ ಸರಿಮಾಡಿಕೊಂಡ. ಲಾಂಡ್ರಿಯ ಒಳಗೆ ಬಿಸಿಲಿರಲಿಲ್ಲ. ಆದರೆ ಕನ್ನಡಕ ತೆಗೆದರೆ ತಾನು ಬರೀ ತಮ್ಮ ಆಗಿಬಿಡುತ್ತೇನೆ ಎಂಬ ಭಯ ಅವನಿಗೆ. ಇದೇ ಲಾಂಡ್ರಿಯ ಮಹಡಿಯಲ್ಲಿ ಅವನ ಒಂದು ಕೋಣೆಯ ಕಚೇರಿ. ಹನ್ನೊಂದು ವರ್ಷದಲ್ಲಿ ಅವನು ಪತ್ತೆ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಬೆಕ್ಕುಗಳು. ಅವುಗಳಲ್ಲೂ ಅರ್ಧ ತಾವಾಗಿಯೇ ಮನೆಗೆ ಬಂದವು.

"ಅಕ್ಕಾ," ಎಂದ, ಕಂಠವನ್ನು ಒಂದು ಮೆಟ್ಟಿಲು ಕೆಳಗಿಳಿಸಿ. "ಈ ಕೇಸು ನನ್ನನ್ನ ಹುಡುಕ್ಕೊಂಡು ಬಂದಿಲ್ಲ. ನಾನೇ ಕೇಸನ್ನ..."

"ಮುಂದಕ್ಕೆ ಬಂದು ಮಾತಾಡು. ಆ ಪ್ಯಾಂಟಿಗೆ ಒರಗಬೇಡ, ಗೆರೆ ಹೋಗುತ್ತೆ."

ಅವನು ಮುಂದಕ್ಕೆ ಬಂದ. ತಲೆಗೆ ತಂತಿಯ ಮೇಲಿದ್ದ ಕೋಟುಗಳು ತಗುಲಿದವು. ಕೋಟುಗಳ ಸಂದಿಯಲ್ಲಿ ಅಕ್ಕ ತನ್ನ ಕೈಯಾರೆ ಬರೆದ ಹಳೆಯ ಬೋರ್ಡು ಎಂದಿನಂತೆ ಇಣುಕುತ್ತಿತ್ತು: 'ಎರಡು ವಾರ ಮೀರಿದ ಬಟ್ಟೆಗೆ ನಾವು ಜವಾಬ್ಧಾರರಲ್ಲ.'

ಇಷ್ಟು ರಾದ್ಧಾಂತಕ್ಕೆ ಕಾರಣ ಹೋದ ಬುಧವಾರದ ಒಂದು ಪತ್ರಿಕಾ ಪ್ರಕಟಣೆ.

ಕಪ್ಪೆಮರಿಯ ಹೊಟ್ಟೆಪಾಡು ಪಠ್ಯಪುಸ್ತಕ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಅಕ್ಷರ ತಿದ್ದುವುದು. ಹೊಟ್ಟೆಯುರಿ ಊರಾಚೆಯ ಬಣ್ಣದ ಕಂಪನಿ. ಅದರ ಗೋಡೆಯ ಹಿಂದಿನ ಕೆರೆಯಲ್ಲಿ ಕಪ್ಪೆಗಳ ದನಿ ನಿಂತು ಮೂರು ವರ್ಷವಾಗಿತ್ತು. ಅವುಗಳ ಪರವಾಗಿ ಇವಳು ದಪ್ಪ ಬಟ್ಟೆಯ ಕಪ್ಪೆವೇಷ ಹೊಲಿಸಿಕೊಂಡು ಕಂಪನಿಯ ಗೇಟಿನೆದುರು ವಟಗುಟ್ಟಿದಳು. ಹೆಸರು ಅಲ್ಲಿಂದ ಬಂತು. ಯಾರೂ ಕೇಳದೆ ಹೋದಾಗ ಕಂಪನಿಯ ಹೆಸರಲ್ಲೇ ಒಂದು ಮೇಲ್ ವಿಳಾಸ ಹುಟ್ಟಿಸಿ, ಎಲ್ಲ ಪತ್ರಿಕೆಗೂ ಪ್ರಕಟಣೆ ಕಳಿಸಿದಳು.

ಮೂರು ಪ್ಯಾರಾ. ಒಂದು, ಕೆರೆಯ ಸಮಸ್ತ ಕಪ್ಪೆಗಳಿಗಾದ ತೊಂದರೆಗೆ ಕಂಪನಿ ವಿಷಾದಿಸುತ್ತದೆ. ಎರಡು, ಇನ್ನುಮುಂದೆ ಕಂಪನಿಯ ಅಧ್ಯಕ್ಷರು ದಿನಾ ಬೆಳಗ್ಗೆ ಕ್ಯಾಮೆರಾ ಮುಂದೆ ಒಂದು ಲೋಟ ಕೆರೆನೀರು ಕುಡಿಯುತ್ತಾರೆ. ಮೂರು, ಕಪ್ಪೆಗಳು ಲಿಖಿತವಾಗಿ ಕ್ಷಮಿಸುವ ತನಕ ಕಾರ್ಖಾನೆ ಬಂದ್.

ಪತ್ರಿಕೆಯವರು ನಂಬಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹನ್ನೊಂದೂವರೆಗೆ ಟೀವಿಯಲ್ಲಿ ಬಂತು. ಹನ್ನೆರಡಕ್ಕೆ ಕಂಪನಿಯ ಷೇರು ಬಾವಿಗೆ ಬಿದ್ದ ಬಿಂದಿಗೆಯಾಯಿತು. ಅಧ್ಯಕ್ಷರು ಗಾಬರಿಯಲ್ಲಿ ಕ್ಯಾಮೆರಾ ಮುಂದೆ ಬಂದು, "ಸುಳ್ಳು, ಆ ನೀರನ್ನ ನಾನು ಸತ್ತರೂ ಕುಡಿಯಲ್ಲ," ಎಂದು ಸ್ಪಷ್ಟನೆ ಕೊಟ್ಟರು. ಬಿಂದಿಗೆಯ ಹಿಂದೆ ಹಗ್ಗವೂ ಹೋಯಿತು.

ಇಷ್ಟೇ ಆಗಿದ್ದರೆ ಜಡ್ಜ್ ಒಳಗೊಳಗೇ ನಕ್ಕು, ದಂಡ ಹಾಕಿ ಕಳಿಸುತ್ತಿದ್ದರು ಎಂದು ಕಪ್ಪೆಮರಿಯ ವಕೀಲಮ್ಮ ಹೇಳಿದ್ದರು. ತೊಡಕು ನಾಲ್ಕನೆಯ ಪ್ಯಾರಾದ್ದು. ಮೊದಲ ಮೇಲ್ ಹೋದದ್ದು ಹನ್ನೊಂದಕ್ಕೆ. ಹನ್ನೊಂದು ನಿಮಿಷ ಬಿಟ್ಟು ಅದೇ ವಿಳಾಸದಿಂದ ಇನ್ನೊಂದು ಹೋಗಿತ್ತು, 'ತಿದ್ದಿದ ಪ್ರತಿ' ಎಂದು. ಅದರ ಕೊನೆಯಲ್ಲಿ ಹೀಗಿತ್ತು:

'ಪ್ರತಿ ಮಂಗಳವಾರ ಬೆಳಗ್ಗೆ ಆರಕ್ಕೆ ಮೂರನೇ ಗುಂಡಿಯ ಕೊಳವೆಯನ್ನು ಕೆರೆಗೆ ಬಿಡಲಾಗುತ್ತದೆ. ಆ ನೀಲಿ ಯಾವ ಸೋಪಿಗೂ ಹೋಗುವುದಿಲ್ಲ. ಇದಕ್ಕೆ ಕಂಪನಿ ವಿಷಾಧಿಸುತ್ತದೆ.'

ಬಣ್ಣದ ಕೊಳಚೆ ತುಂಬಿಡುವ ಮೂರನೇ ಗುಂಡಿ ಒಂದಿದೆ ಎಂದು ಹೊರಗಿನ ನರಪಿಳ್ಳೆಗೂ ಗೊತ್ತಿರಲಿಲ್ಲ. ಕಂಪನಿ ಮೋಸದ ಕೇಸಿನ ಜೊತೆಗೆ ಗುಟ್ಟು ಕದ್ದ ಕೇಸನ್ನೂ ಜಡಿಯಿತು. ಅದಕ್ಕೆ ಮೂರು ವರ್ಷ ಜೈಲು. ಇಲ್ಲವಾದರೆ ರಾಜಿ: ನಾಲ್ಕೂ ಪ್ಯಾರಾ ನಾನೇ ಬರೆದೆ, ನಾಲ್ಕೂ ಸುಳ್ಳು ಎಂದು ಸಹಿ ಹಾಕಿದರೆ ಕೇಸು ವಾಪಸ್ಸು. ನಾಳೆ ಬೆಳಗ್ಗೆ ಹತ್ತೂವರೆಗೆ ಕೋರ್ಟು.

"ಮಾವ, ನೀನೇ ನೋಡು," ಕಪ್ಪೆಮರಿ ಬೆರಳಿಟ್ಟು ತೋರಿಸಿದಳು. "ಒಂದನೇ ಪ್ಯಾರಾದಲ್ಲಿ ವಿಷಾದ. ಸರಿಯಾಗಿದೆ. ನಾಲ್ಕನೇದರಲ್ಲಿ ವಿಷಾಧ. 'ದ'ಗೆ ಹೊಟ್ಟೆ ಸೀಳಿದ್ದಾರೆ. ನಾನು ದಿನಕ್ಕೆ ಎಂಬತ್ತು ಪುಟ ತಿದ್ದೋಳು. ಇದನ್ನ ನಾನು ಬರೆದೆ ಅಂತ ಸಹಿ ಹಾಕಿದ್ರೆ ಪ್ರೆಸ್ಸಲ್ಲಿ ನನ್ನ ಮುಖ ಯಾರು ನೋಡ್ತಾರೆ?"

"ಹೊಟ್ಟೆ ಸೀಳಿದ್ದಕ್ಕೆ ಯಾರೂ ಸಾಯಲ್ಲ. ಹಾಕೇ ಸಹಿ," ಎಂದಳು ಅಕ್ಕ.

"ಕಾಗುಣಿತ ಬಿಡಮ್ಮಾ. ಆ ಪ್ಯಾರಾ ನಿಜ ಇದ್ರೆ? ಸುಳ್ಳು ಅಂತ ನಾನೇ ಬರ್ಕೊಟ್ಟ ಮೇಲೆ ಆ ಕೊಳವೆ ಹತ್ರ ಯಾರು ಹೋಗ್ತಾರೆ?"

ಅಕ್ಕನ ಇಸ್ತ್ರಿ ಜೋರಾಗಿ ಓಡಿತು.

"ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು?" ಪತ್ತೇದಾರ ಗಲ್ಲಕ್ಕೆ ಬೆರಳಿಟ್ಟುಕೊಂಡ. ಈ ಭಂಗಿಯನ್ನು ಅವನು ಬೆಳಗ್ಗೆ ಕನ್ನಡಿಯ ಮುಂದೆ ನೋಡಿ ಇಟ್ಟುಕೊಂಡಿದ್ದ.

ಕಪ್ಪೆಮರಿ ಕೆಮ್ಮಿದಳು. "ನಂಗೆ ಮರೆವು ಅಂತ ಗೊತ್ತಲ್ಲ. ಕಪ್ಪೆ ತಲೆಯ ಒಳಗಡೆ ಚೀಟಿ ಬರೆದು ಅಂಟಿಸಿದ್ದೆ. ಮೇಲೆ ಘೋಷಣೆಗಳು, ಕೆಳಗೆ ಮೇಲ್ ವಿಳಾಸ, ಪಾಸ್‌ವರ್ಡ್."

"ತಲೆ ಎಲ್ಲಿ?"

"ಸೋಮವಾರ ಸಂಜೆಯೇ ಗೇಟಲ್ಲಿ ಸೆಕ್ಯುರಿಟಿಯವರು ಕಿತ್ಕೊಂಡ್ರು. ನಾನು ಹೆದರಿ ಎರಡು ದಿನ ಪ್ರೆಸ್ಸಲ್ಲೇ ಮಲಗಿದ್ದೆ. ಬುಧವಾರ ಅಲ್ಲಿಂದಲೇ ಮೇಲ್ ಮಾಡಿದ್ದು. ಅಂದ್ರೆ ಆ ನಾಲ್ಕನೇ ಪ್ಯಾರಾ ಬರೆದೋರು ಕಂಪನಿ ಒಳಗಿನವರೇ. ತಲೆ ಅವರ ಹತ್ರ ಇತ್ತು, ಚೀಟಿ ಓದಿದ್ದಾರೆ."

"ಹಾಗಾದ್ರೆ," ಪತ್ತೇದಾರ ನಿಧಾನವಾಗಿ ಹೇಳಿದ, "ಆ ತಲೆ ಯಾರ ಕೈಗೆ ಸಿಕ್ಕಿತ್ತೋ, ಅವರ ತಲೆ ನನ್ನ ಕೈಗೆ ಸಿಗುತ್ತೆ."

ಚರ್ ಎಂದಿತು.

ಮೂವರೂ ಕೆಳಗೆ ನೋಡಿದರು. ಬಿಳಿ ಅಂಗಿಯ ಎದೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತು. ಇಪ್ಪತ್ತು ವರ್ಷದಲ್ಲಿ ಅಕ್ಕ ಸುಟ್ಟ ಮೊದಲ ಅಂಗಿ.

"ನಿನ್ನ ಡೈಲಾಗು ಕೇಳಿ ಕೇಳಿ ಕೈ ನಿಂತೋಯ್ತು ನೋಡು," ಎಂದಳು ಅಕ್ಕ. "ಹೋಗು, ಎಲ್ಲಾದ್ರೂ ಹೋಗಿ ಪತ್ತೆ ಮಾಡು. ಇಲ್ಲಿ ನಿಂತು ನನ್ನ ಗಿರಾಕಿ ಬಟ್ಟೆ ಸುಡಬೇಡ."

*

ಬಣ್ಣದ ಕಂಪನಿಯ ಸ್ವಾಗತ ಕೊಠಡಿಗೆ ನೆಲದಿಂದ ಸೂರಿನ ತನಕ ಗಾಜಿನ ಬಾಗಿಲು. ಪತ್ತೇದಾರ, ಕಪ್ಪೆಯ ತಲೆಯನ್ನು ಕೋರ್ಟಿಗಾಗಿ ವಾಪಸ್ ಕೇಳಿದ ವಕೀಲಮ್ಮನ ಪತ್ರವನ್ನು ಜೇಬಿನಿಂದ ಅರ್ಧ ಹೊರಗಿಟ್ಟು, ಕಾಲರ್ ಎತ್ತಿ, ಪಕ್ಕದಲ್ಲಿ ನಿಂತಿದ್ದ ಸೆಕ್ಯುರಿಟಿಯವನಿಗೆ ಹೇಳಿದ: "ನಾನು ಬಂದೆ ಅಂದ್ರೆ ಬಾಗಿಲು ತಾನಾಗೇ ತೆರ್ಕೊಳುತ್ತೆ."

ಹಣೆ ಗಾಜಿಗೆ ಬಡಿಯಿತು.

"ಅದನ್ನ ಎಳೀಬೇಕು ಸಾರ್," ಎಂದ ಸೆಕ್ಯುರಿಟಿಯವನು. ಅವನ ಮೀಸೆ ಎಷ್ಟು ದೊಡ್ಡದೆಂದರೆ ಕಂಪನಿಯಲ್ಲಿ ಅವನ ಹೆಸರೇ ಮೀಸೆ. ಸಂದರ್ಶಕರ ರಿಜಿಸ್ಟರನ್ನು ಮಗುವಿನಂತೆ ಕಂಕುಳಲ್ಲಿ ಇರುಕಿಕೊಂಡಿದ್ದ. "ಹಣೆ ಬಡ್ಕೊಂಡಿದ್ದು ಹನ್ನೊಂದೂ ಹತ್ತಕ್ಕೆ. ಬರ್ಕೊಳ್ಲಾ?"

"ಬೇಡ."

"ನನ್ನ ಗೇಟಲ್ಲಿ ಸೊಳ್ಳೆ ಒಳಗೆ ಬಂದ್ರೂ ಎಂಟ್ರಿ ಆಗುತ್ತೆ ಸಾರ್. ನಾಳೆ ಯಾರಾದ್ರೂ ಕೇಳಿದ್ರೆ?" ಎನ್ನುತ್ತ ಬರೆದೇಬಿಟ್ಟ.

ಮೀಟಿಂಗ್ ಕೋಣೆಯ ಉದ್ದ ಮೇಜಿನ ಮಧ್ಯೆ ಕಪ್ಪೆಯ ತಲೆ ಕೂತಿತ್ತು, ಅದೇ ಅಧ್ಯಕ್ಷತೆ ವಹಿಸಿದ ಹಾಗೆ. ಒಂದು ಕಣ್ಣು ಕಾಣೆಯಾಗಿತ್ತು. ಮೇಜಿನಾಚೆ ಪ್ರಚಾರಾಧಿಕಾರಿ. ಮೂವತ್ತು ದಾಟದ ವಯಸ್ಸು, ಮೂರು ಬಣ್ಣದ ಟೈ. ಪತ್ತೇದಾರ ಮನಸ್ಸಿನಲ್ಲೇ ಅವನಿಗೆ ಟೈ ಎಂದು ನಾಮಕರಣ ಮಾಡಿ, ತನ್ನ ಕಾರ್ಡನ್ನು ಎರಡು ಬೆರಳ ನಡುವಿನಿಂದ ಚಿಮ್ಮಿದ. ಅದು ಟೈಯ ಕಾಫಿ ಕಪ್ಪಿನೊಳಗೆ ಬಿತ್ತು.

"'ಖಾಸಗಿ ಪತ್ತೇದಾರ,'" ಟೈ ಕಾರ್ಡನ್ನು ಎತ್ತಿ ಒರೆಸುತ್ತ ಓದಿದ. "'ಲಾಂಡ್ರಿ ಮಹಡಿ.' ಚೆನ್ನಾಗಿದೆ ಸಾರ್. ಕೊಳೆ ತೆಗೆಯೋ ಕೆಲಸ ಅಂತ ಅರ್ಥಾನಾ?"

"ಅರ್ಥ ಆದೋರಿಗೆ ಅರ್ಥ," ಎಂದ ಪತ್ತೇದಾರ. ಬಾಡಿಗೆ ಕಟ್ಟದ ಮಹಡಿಗೆ ಬೇರೆ ಹೆಸರಿರಲಿಲ್ಲ ಎಂದು ಹೇಳಲಿಲ್ಲ. "ಈ ತಲೆ ಯಾರ್ಯಾರು ಮುಟ್ಟಿದ್ದೀರಿ?"

"ಮೀಸೆ ತಂದಿಟ್ಟ. ನಾನು ಒಂದ್ಸಲ..." ಟೈ ಗಂಟಲು ಸರಿಮಾಡಿಕೊಂಡ. "ಹಾಕ್ಕೊಂಡು ಒಂದು ಸೆಲ್ಫಿ ತಗೊಂಡೆ. ಆಫೀಸ್ ಗ್ರೂಪಿಗೆ. ತೆಗೆಯುವಾಗ ಕಣ್ಣು ಕಿತ್ತೋಯ್ತು."

ತಲೆಯೊಳಗೆ ತಲೆ ಹಾಕಿದವನು. ಚೀಟಿ ಓದಿರಲೇಬೇಕು.

"ಕಣ್ಣು," ಎಂದ ಪತ್ತೇದಾರ, ಮೇಜಿನ ಮೇಲೆ ಎರಡೂ ಕೈ ಊರಿ. "ಕೋರ್ಟಿನ ಸಾಕ್ಷಿ ನಿಮ್ಮ ವಶದಲ್ಲಿದ್ದಾಗ ಕಣ್ಣು ಕಳ್ಕೊಂಡಿದೆ. ಇದನ್ನ ಮುಟ್ಟಿದ ಒಬ್ಬೊಬ್ಬರೂ ಸ್ವಂತ ಕೈಯಲ್ಲಿ ಬರೆದು ಕೊಡಬೇಕು. ಪೆನ್ ತಗೊಳ್ಳಿ. ನಾನು ಹೇಳ್ತೀನಿ: ಕಪ್ಪೆಯ ಎಡಗಣ್ಣಿಗೆ ಆದ ಹಾನಿಗೆ ವಿಷಾದಿಸುತ್ತೇನೆ."

"ಉಕ್ತಲೇಖನಾನಾ ಸಾರ್?" ಮೀಸೆಯ ಮುಖ ಅರಳಿತು. "ನಾಲ್ಕನೇ ಕ್ಲಾಸಿಗೆ ಬಿಟ್ಟಿದ್ದು." ಟೋಪಿ ತೆಗೆದಿಟ್ಟು, ನಾಲಿಗೆ ಕಚ್ಚಿಕೊಂಡು ಬರೆಯಲು ಕೂತ.

ಟೈ ಪೆನ್ನನ್ನು ಮೊದಲ ಸಲ ನೋಡುವಂತೆ ನೋಡಿದ. ಅವನು ಬರೆದದ್ದೆಲ್ಲ ಫೋನಿನಲ್ಲಿ. ಅರ್ಧ ಪದ ಒತ್ತಿದರೆ ಉಳಿದರ್ಧವನ್ನು ಫೋನೇ ಹೇಳುತ್ತಿತ್ತು. ಈಗ ಕಾಗದ ಏನೂ ಹೇಳುತ್ತಿರಲಿಲ್ಲ.

ಐದು ನಿಮಿಷಕ್ಕೆ ಎರಡು ಕಾಗದ ಬಂದವು. ಮೀಸೆ ಬರೆದದ್ದು 'ವಿಶಾದಿಸುತೇನೆ'. ಟೈ ಬರೆದದ್ದು 'ವಿಸದಿಸುತೆನೆ'. ಒಬ್ಬ 'ಷ'ವನ್ನು ಕೊಂದಿದ್ದ, ಇನ್ನೊಬ್ಬ ದೀರ್ಘಗಳನ್ನೆಲ್ಲ ಕತ್ತರಿಸಿದ್ದ. ಆದರೆ ಇಬ್ಬರ 'ದ'ಗಳ ಹೊಟ್ಟೆಯೂ ನುಣ್ಣಗೆ, ಒಂದು ಗೀರೂ ಇಲ್ಲದೆ ಇತ್ತು.

ಪತ್ತೇದಾರ ಕುರ್ಚಿಯಲ್ಲಿ ಕುಸಿದ.

"ಎಷ್ಟು ಮಾರ್ಕ್ಸ್ ಸಾರ್?" ಎಂದ ಮೀಸೆ.

"ನೀವಿಬ್ಬರೂ ಪಾಸ್," ಎಂದ ಪತ್ತೇದಾರ, ಶವಸಂಸ್ಕಾರದ ದನಿಯಲ್ಲಿ.

ಟೈ ಮುಂದಕ್ಕೆ ಬಾಗಿದ. "ಏನು ಹುಡುಕ್ತಿದ್ರಿ ಸಾರ್? ಹೇಳಿ, ನಾನೂ ಕಲ್ತಂಗಾಗುತ್ತೆ. ನಿಮ್ಮಂಥವರ ಜೊತೆ ಕೂರೋ ಭಾಗ್ಯ ದಿನಾ ಸಿಗುತ್ತಾ?"

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಹೇಳಿದ್ದಾರೆ. ಬಣ್ಣದ ಕಂಪನಿಯಲ್ಲಿ ಕೂತು ಆ ಮಾತನ್ನು ಮರೆಯಬಾರದಿತ್ತು. ಆದರೆ ಹನ್ನೊಂದು ವರ್ಷ ಬೆಕ್ಕಿನ ಯಜಮಾನರ ಎದುರು ಮಾತಾಡಿದವನಿಗೆ ಟೈ ಕಟ್ಟಿದ ಪ್ರೇಕ್ಷಕ ಸಿಕ್ಕಿದ್ದ. ಪತ್ತೇದಾರ ಕನ್ನಡಕ ತೆಗೆದ, ಊದಿದ, ಮತ್ತೆ ಹಾಕಿಕೊಂಡ.

"ಬೆರಳಚ್ಚು ಒರೆಸಬಹುದು. ಕಾಗುಣಿತ ಒರೆಸೋಕಾಗಲ್ಲ," ಎಂದ. "ಆ ನಾಲ್ಕನೇ ಪ್ಯಾರಾ ನಮ್ಮ ಹುಡುಗಿ ಬರೆದಿದ್ದಲ್ಲ. ಅದರಲ್ಲಿ ವಿಷಾದದ 'ದ'ಗೆ ಹೊಟ್ಟೆ ಸೀಳಿದೆ. ಯಾರು ಕೈಯಾರೆ ಬರೆಯುವಾಗಲೂ ಹಾಗೇ ಸೀಳ್ತಾರೋ, ಅವರೇ ನನ್ನ ಆಸಾಮಿ."

ಟೈ ಪ್ರಕಟಣೆಯ ನಕಲು ಪ್ರತಿ ತೆಗೆದು ನೋಡಿದ. ತುಂಬ ಹೊತ್ತು ನೋಡಿದ.

"ಅರೆ, ಹೌದಲ್ಲ. ಇಷ್ಟು ದಿನ ನಮ್ಮ ಲಾಯರ್‌ಗೂ ಕಂಡಿಲ್ಲ ಇದು." ಕಾರ್ಡನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡ. "ಎಲ್ಲಾದ್ರೂ ಹೊಟ್ಟೆ ಸೀಳಿದ 'ದ' ಕಂಡ್ರೆ ಮೊದಲ ಫೋನು ನಿಮಗೇ ಸಾರ್."

"ಒಂದು ವಿಷಯ ನೀವು ಹೇಳಿ," ಪತ್ತೇದಾರ ಎದ್ದ. "ಆ ಪ್ಯಾರಾ ಸುಳ್ಳು ಅಂತೀರಿ. ಕದ್ದ ಗುಟ್ಟು ಅಂತಾನೂ ಅಂತೀರಿ. ಸುಳ್ಳನ್ನ ಯಾರಾದ್ರೂ ಕದೀತಾರಾ?"

ಟೈಯ ನಗು ಅಲ್ಲೇ ಇತ್ತು; ಕಣ್ಣು ಮಾತ್ರ ಎದ್ದು ಹೋಗಿತ್ತು. "ಅದನ್ನ ಲಾಯರ್ ಹೇಳ್ತಾರೆ ಸಾರ್. ನಂದು ಪ್ರಚಾರ ಅಷ್ಟೇ. ನಾಳೆ ಕೋರ್ಟಲ್ಲಿ ಟೀವಿಯವರ ಮುಂದೆ ನಿಲ್ಲಬೇಕು, ಒಳ್ಳೇ ಅಂಗಿ ಒಗೆಯೋಕೆ ಕೊಟ್ಟಿದ್ದೀನಿ, ಅದು ಬಂದ್ರೆ ಸಾಕು."

ಗೇಟಿನ ಬಳಿ ಮೀಸೆ ರಿಜಿಸ್ಟರ್ ಬಿಚ್ಚಿದ. "ತಲೆ ಹೊರಗೆ ಹೋಗ್ತಿದೆ. ಇಲ್ಲೊಂದು ಸಹಿ ಹಾಕಿ ಸಾರ್. ಇದು ಎರಡನೇ ಸಲ ಹೊರಗೆ ಹೋಗ್ತಿರೋದು."

ಪತ್ತೇದಾರನ ಪೆನ್ನು ನಿಂತಿತು. "ಎರಡನೇ ಸಲ?"

"ಸೋಮವಾರ ಕಿತ್ಕೊಂಡ್ವಲ್ಲ. ಒಳಗೆ ಬೆವರು ನಾತ ಅಂದ್ರೆ ನಾತ. ನನ್ನ ಕೋಣೇಲಿ ಇಟ್ಕೊಂಡು ಊಟ ಮಾಡೋದು ಹೇಗೆ? ಯೂನಿಫಾರಂ ಗಂಟಿನ ಜೊತೆ ಒಗೆಯೋಕೆ ಹಾಕಿದೆ. ನೋಡಿ."

ಗುಂಡಗಿನ ಅಕ್ಷರದಲ್ಲಿ ಇತ್ತು. 'ಸೋಮವಾರ, ಸಂಜೆ ಆರು. ಪ್ಯಾಂಟು ನಲವತ್ತು, ಅಂಗಿ ನಲವತ್ತು, ಕಪ್ಪೆ ತಲೆ ಒಂದು. ಲಾಂಡ್ರಿಗೆ.' ಕೆಳಗೆ: 'ಬುಧವಾರ, ಮಧ್ಯಾಹ್ನ ಎರಡು. ಎಲ್ಲ ವಾಪಸ್.'

ಪ್ರಕಟಣೆಗೆ ನಾಲ್ಕನೆಯ ಪ್ಯಾರಾ ಸೇರಿದ್ದು ಬುಧವಾರ ಹನ್ನೊಂದು ಗಂಟೆ ಹನ್ನೊಂದು ನಿಮಿಷಕ್ಕೆ. ಆಗ ತಲೆ ಕಂಪನಿಯಲ್ಲೇ ಇರಲಿಲ್ಲ.

ಪತ್ತೇದಾರ ಕಪ್ಪೆಯ ತಲೆಯನ್ನು ಬೋರಲು ಹಾಕಿ ಒಳಗೆ ಮೂಗಿಟ್ಟ. ಸೋಪಿನ ಘಮ. ಚೀಟಿ ಇದ್ದ ಜಾಗದಲ್ಲಿ ಬರೀ ಅಂಟಿನ ಕಲೆ. ಕುತ್ತಿಗೆಯ ಹೊಲಿಗೆಯ ಒಳಗೆ, ಮೂರು ಸುತ್ತು ಸುತ್ತಿ ಗಂಟು ಹಾಕಿದ ಕೆಂಪು ದಾರ.

ಅವನು ಮೆಲ್ಲಗೆ ತನ್ನ ಅಂಗಿಯ ಕಾಲರ್ ತಿರುಗಿಸಿ ನೋಡಿದ. ಅಲ್ಲೂ ಅದೇ ಕೆಂಪು ದಾರ. ಅದೇ ಮೂರು ಸುತ್ತು, ಅಕ್ಕನ ಲಾಂಡ್ರಿಯ ಗುರುತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

"ಏನ್ ಸಾರ್, ಬೆವರ್ತಿದ್ದೀರಿ?" ಎಂದ ಮೀಸೆ. "ಬರ್ಕೊಳ್ಲಾ?"

*

ಲಾಂಡ್ರಿಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಕಪ್ಪೆಮರಿ ವಕೀಲಮ್ಮನ ಮನೆಗೆ ಹೋಗಿದ್ದಳು. ಇಸ್ತ್ರಿ ಮೇಜಿನ ಮೇಲಿನ ರಾಶಿ ಖಾಲಿಯಾಗಿತ್ತು.

ಪತ್ತೇದಾರ ಕಪ್ಪೆಯ ತಲೆಯನ್ನು ಕೌಂಟರಿನ ಮೇಲಿಟ್ಟ. ಆಮೇಲೆ ಕನ್ನಡಕ ತೆಗೆದಿಟ್ಟ. ಕೋಟುಗಳನ್ನು ಪಕ್ಕಕ್ಕೆ ಸರಿಸಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಬೋರ್ಡನ್ನು ಓದಿದ. ಜವಾಬ್ಧಾರರಲ್ಲ. ಹೊಟ್ಟೆ ಇಷ್ಟಗಲ ಸೀಳಿತ್ತು. ಅಕ್ಷರ ತಿದ್ದಿ ಅನ್ನ ತಿನ್ನುವ ಹುಡುಗಿ ಚಿಕ್ಕಂದಿನಿಂದ ಇದರ ಕೆಳಗೇ ಆಡಿ ಬೆಳೆದಿದ್ದಳು. ಸ್ವಂತ ಮನೆಯ ಗೋಡೆಯನ್ನು ಯಾರು ಓದುತ್ತಾರೆ?

"ಮೂರನೇ ಕ್ಲಾಸಲ್ಲಿ," ಎಂದ ಅವನು, "ವಿದ್ಯೆಯೇ ನಿಜವಾದ ದನ ಅಂತ ಬರೆದಿದ್ದೆ ನೀನು."

ಅಕ್ಕ ತಿರುಗಲಿಲ್ಲ. "ಮೇಷ್ಟ್ರು ಹನ್ನೆರಡು ಪೆಟ್ಟು ಹೊಡೆದ್ರು. ಇಡೀ ಕ್ಲಾಸು ಅಂಬಾ ಅಂತು. ನೀನೂ ಅಂದೆ."

"ನಾನು ಒಂದನೇ ಕ್ಲಾಸು."

"ಕಿಟಕಿ ಹೊರಗಡೆ ನಿಂತು ಅಂದೆ." ಅಕ್ಕ ಇಸ್ತ್ರಿಯ ವೈರನ್ನು ಸುತ್ತತೊಡಗಿದಳು. "ಅವತ್ತೇ ತೀರ್ಮಾನ ಮಾಡಿದೆ. ಸೀಳದೆ ಬಿಟ್ರೆ ಪೆಟ್ಟು. ಸೀಳಿದ್ರೆ ಯಾರೂ ಏನೂ ಅನ್ನಲ್ಲ. ಅವತ್ತಿಂದ ಒಂದು 'ದ'ನೂ ನಾನು ಸುಮ್ಮನೆ ಬಿಟ್ಟಿಲ್ಲ."

"ಅಕ್ಕಾ. ಚೀಟಿ ಎಲ್ಲಿ?"

ಅವಳು ಸೆರಗಿನ ತುದಿಯಿಂದ ಮಡಚಿದ ಚೀಟಿ ತೆಗೆದು ಕೌಂಟರಿನ ಮೇಲಿಟ್ಟಳು. ಒದ್ದೆಯಾಗಿ ಒಣಗಿತ್ತು.

"ತಲೆ ಒಗೆಯೋಕೆ ತೆಗೆದಾಗ ಸಿಕ್ಕಿತು. ಮಗಳ ಕೈಬರಹ. ಎರಡು ದಿನ ಮನೆಗೆ ಬಂದಿಲ್ಲ, ಎಲ್ಲಿದ್ದಾಳೆ ಗೊತ್ತಾಗಲಿ ಅಂತ ಫೋನಲ್ಲಿ ಒಳಗೆ ಹೋಗಿ ನೋಡಿದೆ. ವಾರವಾರ ಕಂಪನಿಗೆ ಬಟ್ಟೆ ಲೆಕ್ಕ ಮೇಲ್ ಮಾಡೋಳಲ್ವಾ ನಾನು, ಅಷ್ಟು ಗೊತ್ತು. ನೋಡಿದ್ರೆ ಅವಳ ಕಾಗದ ಆಗಷ್ಟೇ ಹೋಗಿತ್ತು. ಓದಿ ನಕ್ಕೆ ಕಣೋ. ಲೋಟದಲ್ಲಿ ಕೆರೆನೀರಂತೆ. ಆಮೇಲೆ ಅನ್ನಿಸ್ತು, ಎಲ್ಲ ಇದೆ ಇದರಲ್ಲಿ. ನೀಲಿ ಇಲ್ಲ."

"ಮೂರನೇ ಗುಂಡಿ ನಿಂಗೆ ಹೇಗೆ ಗೊತ್ತು?"

"ಬಟ್ಟೆ ಹೇಳಲ್ವಾ? ಪ್ಯಾಂಟಿನ ಸೊಂಟದಲ್ಲಿ ಅವರು ಕೆಲಸ ಮಾಡೋ ಗುಂಡಿಯ ನಂಬರು ಹೊಲಿದಿರುತ್ತೆ. ಮಂಗಳವಾರದ ಗಂಟಲ್ಲಿ ಮೂರನೇ ನಂಬರಿನವು ಮೊಣಕಾಲ ತನಕ ನೀಲಿ, ಅದರ ಮೇಲೆ ಕೆರೆ ಕೆಸರು; ಕೊಳವೆ ಬಿಡೋಕೆ ಕೆರೆಗೆ ಇಳಿದಿರ್ತಾರೆ. ಬೆಳಗ್ಗೆ ಆರರ ಪಾಳಿಯವು ಮಾತ್ರ. ಬಿಸಿನೀರು, ಸುಣ್ಣ, ಸೋಪು, ಯಾವುದಕ್ಕೂ ಹೋಗಲ್ಲ. ನನ್ನ ಉಗುರಿಗೂ ಹತ್ತಿದ್ರೆ ಹೋಗಲ್ಲ." ಕೈ ಚಾಚಿದಳು. ಉಗುರಿನ ಬುಡದಲ್ಲಿ ತೆಳ್ಳಗಿನ ನೀಲಿ ಗೆರೆ. ಪತ್ತೇದಾರ ಅದನ್ನು ಇಷ್ಟು ವರ್ಷ ಬಳೆಯ ನೆರಳು ಎಂದುಕೊಂಡಿದ್ದ.

ಅವಳು ಬಗ್ಗಿ ಮೇಜಿನ ಕೆಳಗಿನ ಡಬ್ಬದಿಂದ ಒಂದು ಮಡಚಿದ ಪ್ಯಾಂಟು ತೆಗೆದಳು.

"ಮೂರನೇ ಗುಂಡಿ, ಹದಿನೇಳನೇ ನಂಬರು. ಇದರ ಕಾಲು ಯಾವಾಗಲೂ ಎಲ್ಲರಿಗಿಂತ ಎರಡು ಬೆರಳು ಮೇಲಿನ ತನಕ ನೀಲಿ. ಕುಳ್ಳ ಇರಬೇಕು ಪಾಪ. ಹೋದ ವರ್ಷ ತಗೊಳ್ಳೋರಿಲ್ಲ ಅಂತ ಇದು ಕಂಪನಿಯಿಂದ ವಾಪಸ್ ಬಂತು. ಆ ನಂಬರಿನ ಪಟ್ಟಿನೇ ಕಂಪನಿಯವರು ತೆಗೆದುಹಾಕಿದ್ರು. ಯಾಕೆ ಅಂತ ಕೇಳಿದ್ರೆ ಹೊಸ ನಂಬರು ಬರುತ್ತೆ, ಒಗೀರಿ ಅಂದ್ರು."

ಬೋರ್ಡು ಎರಡು ವಾರ ಎನ್ನುತ್ತಿತ್ತು. ಅಕ್ಕ ಆ ಪ್ಯಾಂಟನ್ನು ಒಂದು ವರ್ಷ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದಳು.

ಪತ್ತೇದಾರ ಆ ಪ್ಯಾಂಟನ್ನು ಗೆರೆ ಹೋಗದ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡ.

"ಹಾಗಾದ್ರೆ ಬೆಳಗ್ಗೆಯಿಂದ ಅವಳಿಗೆ ಸಹಿ ಹಾಕು ಅಂತ ಯಾಕೆ ಜೀವ ತಿಂದೆ?"

"ನಂಗೇನು ಗೊತ್ತಿತ್ತು, ನಾನು ಸೇರಿಸಿದ ಮೂರು ಸಾಲಿಗೆ ಅವಳಿಗೆ ಮೂರು ವರ್ಷ ಅಂತ? ಅವಳು ಸಹಿ ಹಾಕಿದ್ರೆ ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ ಅಂದ್ಕೊಂಡೆ. ಅವಳು ನೋಡಿದ್ರೆ ಕಾಗುಣಿತಕ್ಕೆ ಜಗಳ ತೆಗೀತಾಳೆ. ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದು." ಅಕ್ಕ ಮೂಗು ಒರೆಸಿಕೊಂಡಳು. "ನಾಳೆ ನಾನೇ ಕೋರ್ಟಿಗೆ ಬಂದು ಹೇಳ್ತೀನಿ."

"ನೀನು ಹೇಳಿದ್ರೆ ಅವಳು ಹೊರಗೆ, ನೀನು ಒಳಗೆ." ಅವನು ತಲೆ ಹಿಡಿದುಕೊಂಡ. "ಇರು, ಯೋಚನೆ ಮಾಡೋಣ. ವಕೀಲಮ್ಮನ ಹತ್ರ ಮೊದಲು ಈ ಪ್ಯಾಂಟು ಹೋಗಲಿ. ಪ್ಯಾಂಟು ಮಾತಾಡಿದ್ರೆ ಗುಟ್ಟು ಕದ್ದ ಕೇಸು ಅವರ ಕೊರಳಿಗೇ ಸುತ್ಕೊಳುತ್ತೆ. ಅಲ್ಲಿ ತನಕ ನಿನ್ನ ಮೇಲೆ ಯಾರಿಗೂ ಅನುಮಾನ ಬರೋಕೆ ದಾರಿ ಇಲ್ಲ. ನೀನು ಬರೆಯೋದೇ ಕಮ್ಮಿ. ಈ ಬೋರ್ಡು ಇಳಿಸಿದ್ರೆ ಮುಗೀತು."

ಕುರ್ಚಿ ಹತ್ತಿ ಬೋರ್ಡಿಗೆ ಕೈ ಹಾಕಿದ. ಮೊಳೆ ಕಿತ್ತು ಬಂತು. ಆಗ ಅವನಿಗೆ ಏನೋ ಹೊಳೆದು, ಕುರ್ಚಿಯ ಮೇಲಿಂದಲೇ ಕೇಳಿದ:

"ವಿಷಾದ ಅನ್ನೋ ಪದ ಬೇರೆ ಎಲ್ಲೂ ಬರೆದಿಲ್ಲ ತಾನೇ?"

ಅಕ್ಕ ಬೆರಳಲ್ಲಿ ಕೌಂಟರಿನ ಧೂಳು ಒರೆಸಿದಳು.

"ಅಕ್ಕಾ."

"ಅಂಗಿ ಸುಟ್ಟಿತಲ್ಲ ಬೆಳಗ್ಗೆ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಹಾಗಾಗಿರಲಿಲ್ಲ. ಸುಮ್ಮನೆ ಮಡಚಿ ಕಳಿಸೋಕೆ ಮನಸ್ಸು ಬರಲಿಲ್ಲ. ಒಂದು ಚೀಟಿ ಬರೆದು ಜೇಬಿಗೆ ಪಿನ್ ಹಾಕಿದೆ. ಮರ್ಯಾದೆ ಅಲ್ವಾ? ಅಂಗಿ ಸುಟ್ಟಿದ್ದಕ್ಕೆ..."

"ಯಾರ ಅಂಗಿ?"

"ಕಂಪನಿ ಗಂಟಲ್ಲಿ ಬಂದಿದ್ದು. ಯಾರೋ ಆಫೀಸರ್‌ದು. ನಾಳೆ ಕೋರ್ಟಿಗೆ ಬೇಕು, ಅರ್ಜೆಂಟು ಅಂತ ಚೀಟಿ ಇತ್ತು. ವ್ಯಾನು ಆಗಲೇ ತಗೊಂಡು ಹೋಯ್ತಲ್ಲ."

ಮೇಜಿನ ಮೇಲೆ ಪತ್ತೇದಾರನ ಫೋನು ಕುಣಿಯತೊಡಗಿತು. ಅವನು ಕುರ್ಚಿಯಿಂದ ಇಳಿಯಲಿಲ್ಲ. ಅಕ್ಕನೇ ಗುಂಡಿ ಒತ್ತಿ ಅವನ ಕಡೆ ಎತ್ತಿ ಹಿಡಿದಳು.

"ಸಾರ್, ಮೊದಲ ಫೋನು ನಿಮಗೇ ಅಂದಿದ್ದೆನಲ್ಲ," ಎಂದಿತು ಟೈಯ ದನಿ, ತುಂಬ ಮರ್ಯಾದೆಯಿಂದ. "ಒಂದು ಕೈಯಲ್ಲಿ ನನ್ನ ಸುಟ್ಟ ಅಂಗಿ ಇದೆ. ಅದರ ಚೀಟಿಯಲ್ಲಿ ಹೊಟ್ಟೆ ಸೀಳಿದೆ. ಇನ್ನೊಂದು ಕೈಯಲ್ಲಿ ನಿಮ್ಮ ಕಾರ್ಡು. ಲಾಂಡ್ರಿ ಮಹಡಿ ಅಂತಿದೆ."

ಬೋರ್ಡು ಪತ್ತೇದಾರನ ಕೈಯಲ್ಲೇ ಇತ್ತು.

"ಯಾವ ಲಾಂಡ್ರಿ ಸಾರ್?"